ಬೇವಿನ ನೆರಳಿನವರೆಗೆ

ಸರ್ವಜಿತ್ ಸಂವತ್ಸರ, ವೈಶಾಖ ಮಾಸದ ಅರವತ್ತೊಂದನೆಯ ದಿನ
ಕಲಬುರಗಿ

ನಮಗಿಂತ ಮುಂಚೆ ಬಾಳಿದವರಿಗೆ ಹೇಮಾವತಿಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಕೈತಪ್ಪಿ ಬರೆದಿದ್ದೇನೆ ಎಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ವೈಶಾಖ ಮೂವತ್ತು ದಿನಕ್ಕೆ ಮುಗಿದು ಜ್ಯೇಷ್ಠಕ್ಕೆ ಜಾಗ ಬಿಟ್ಟುಕೊಡುತ್ತಿತ್ತಂತೆ. ನಮ್ಮ ವೈಶಾಖಕ್ಕೆ ಆ ಸೌಜನ್ಯವಿಲ್ಲ. ಪಂಚಾಂಗ ಬರೆಯುವವರು ಎಷ್ಟೋ ವರ್ಷ ಗುಣಿಸಿ ಭಾಗಿಸಿ ನೋಡಿ, ಕೊನೆಗೆ ಕೈಚೆಲ್ಲಿ, ಮೊದಲ ಮೋಡ ಕಾಣುವವರೆಗೂ ವೈಶಾಖವನ್ನೇ ಎಣಿಸುತ್ತ ಹೋಗಿ ಎಂದು ಹೇಳಿಬಿಟ್ಟರು. ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಮಾತುಗಳು ಕೆಲವು ಬರುತ್ತವೆ. ಬಂದ ಕಡೆಯೇ ಬಿಡಿಸಿ ಹೇಳುತ್ತೇನೆ. ನನ್ನ ಬರವಣಿಗೆ ಬಿಗಿಯಾಗಿದೆ ಅನಿಸಿದರೆ ಕ್ಷಮಿಸಿ, ನಿಮ್ಮ ಕನ್ನಡವನ್ನು ನಾನು ಕಲಿತದ್ದು ಅರ್ಧ ಗೆದ್ದಲು ತಿಂದ ಪುಸ್ತಕಗಳಿಂದ. ಇದು ನಿಮಗೆ ಹೇಗೆ ತಲುಪುತ್ತದೆ ಎಂಬುದು ನನಗೂ ಗೊತ್ತಿಲ್ಲ. ಕಳಿಸುವವರು ಚಿಕ್ಕದಾಗಿ ಬರಿ ಎಂದಷ್ಟೇ ಹೇಳಿದ್ದಾರೆ, ಅದು ನನ್ನ ಕೈಲಿ ಆಗುವ ಕೆಲಸವಲ್ಲ.

ಹೊರಗಿನಿಂದ ಬಂದವರು ನಮ್ಮ ಈ ನಗರದೊಳಗೆ ಹೇಗೆ ಓಡಾಡುತ್ತಾರೆ ಎಂಬುದನ್ನು ಹೇಳಲು ಕೂತಿದ್ದೇನೆ. ಹಾಗೆ ಬಂದ ನನ್ನ ಅಪ್ಪ ಮರುಳಪ್ಪ, ತಾನು ಇಳಿಯಬೇಕಾಗಿದ್ದ ಜಾಗಕ್ಕೆ ಜೀವಂತವಾಗಿ ತಲುಪಲಿಲ್ಲ ಎಂಬುದನ್ನೂ ಹೇಳಬೇಕು. ಊರೊಳಗಿನ ಒಂದು ಗಾಡಿ ಪ್ರಯಾಣ, ಅದರಲ್ಲಿ ಇಷ್ಟು ಹಿಂದಕ್ಕೆ ಕಾಗದ ಬರೆಯುವಂಥದ್ದೇನಿದೆ ಎಂದು ನಿಮಗೆ ಅನಿಸಬಹುದು. ಬೆಳಿಗ್ಗೆ ಹೊರಡುವಾಗ ನಮಗೂ ಹಾಗೇ ಅನಿಸಿತ್ತು.

ನಾವು ಗಿರಿಯವರು. ಚಿಕ್ಕಮಗಳೂರಿನ ಕಡೆಯ ಎತ್ತರದ ಬೆಟ್ಟಗಳ ಮೇಲೆ ಈಗಲೂ ಒಂದಷ್ಟು ಊರುಗಳಿವೆ, ಅಲ್ಲಿ ಮಧ್ಯಾಹ್ನ ಹೊರಗೆ ನಿಂತರೂ ಮನುಷ್ಯ ಉಳಿಯುತ್ತಾನೆ. ಅಪ್ಪ ತನ್ನ ಇಬ್ಬರು ಹೆಣ್ಣುಮಕ್ಕಳಿಗೂ ನದಿಗಳ ಹೆಸರಿಟ್ಟ, ನನಗೆ ಹೇಮಾವತಿ, ತಂಗಿಗೆ ತುಂಗೆ. ಆ ನದಿಗಳಲ್ಲಿ ಅವನು ಕಂಡದ್ದು ಬರೀ ಕಲ್ಲು. ತುಂಗೆಯನ್ನು ಕಲಬುರಗಿಗೆ ಕೊಟ್ಟಿತ್ತು. ಅಪ್ಪ ಹೋದ ವರ್ಷ ಅವಳು ಬಸುರಿ. ನಡುಬೇಸಿಗೆಯಲ್ಲಿ, ಅಂದರೆ ವೈಶಾಖ ಎರಡು ತಿಂಗಳು ದಾಟಿದ ಮೇಲಿನ ದಿನಗಳಲ್ಲಿ, ಬಯಲುಸೀಮೆಯ ನಗರಗಳಲ್ಲಿ ಹುಟ್ಟಿದ ಕೂಸುಗಳು ಬದುಕುವುದು ಅಪರೂಪ. ಮಗಳನ್ನು ಬಾಣಂತನಕ್ಕೆ ತವರಿಗೆ ಕರೆತರುವ ನಿಮ್ಮ ಕಾಲದ ಪದ್ಧತಿಯನ್ನು ನಾವು ಉಳಿಸಿಕೊಂಡದ್ದು ಪ್ರೀತಿಗಿಂತ ಹೆಚ್ಚಾಗಿ ಈ ಕಾರಣಕ್ಕೆ. ನಡುಬೇಸಿಗೆ ಹಿಡಿದರೆ ಹಳಿ ಬಾಗುತ್ತದೆ, ಗಿರಿಯ ರೈಲು ನಿಲ್ಲುತ್ತದೆ. ನಿಲ್ಲುವ ಮೊದಲು ಹೋಗಿ ತುಂಗೆಯನ್ನು ಕರೆತರಬೇಕಿತ್ತು. ಅಪ್ಪ ಹುಟ್ಟಿದಾಗಿನಿಂದ ಬೆಟ್ಟ ಇಳಿದವನಲ್ಲ, ಜೊತೆಗೆ ಸಿಕ್ಕಸಿಕ್ಕವರ ಹತ್ತಿರ ಮಾತಿಗೆ ನಿಂತುಬಿಡುವವನು. ಒಬ್ಬನನ್ನೇ ಕಳಿಸಿದರೆ ಮಗಳ ಬದಲು ಊರವರ ಕಷ್ಟಸುಖ ಹೊತ್ತು ಬರುತ್ತಾನೆಂದು ನಾನೂ ಹೊರಟೆ.

ರೈಲು ನಗರದೊಳಗೆ ಬರುವುದಿಲ್ಲ. ಹೊರವಲಯದ ಗಡಿ ನೆರಳಿನಲ್ಲಿ ಎಲ್ಲರನ್ನೂ ಇಳಿಸುತ್ತದೆ. ನೆರಳು ಅಂದರೆ ನಿಮ್ಮ ಬಸ್ ಸ್ಟಾಪು. ತಲೆಯ ಮೇಲೆ ದಪ್ಪ ಬಿಳಿ ಚಪ್ಪಡಿ ಇರುವ, ಗೋಡೆಗಳಲ್ಲಿ ನೀರು ಓಡುವ ತಗ್ಗಿನ ಜಾಗ ಅದು; ಊರೊಳಗೆ ಮನುಷ್ಯ ನಿಂತು ಕಾಯಬಹುದಾದ ಜಾಗಗಳು ಅಷ್ಟೇ ಆದ್ದರಿಂದ ಹೆಸರೂ ಅದೇ ನಿಂತಿತು. ಒಂದೊಂದಕ್ಕೂ ಒಂದೊಂದು ಮರದ ಹೆಸರಿದೆ, ಬೇವಿನ ನೆರಳು, ಹುಣಸೆ ನೆರಳು, ಅರಳಿ ನೆರಳು. ಕೋಟೆಗೆ ಹತ್ತಿರದ್ದು ಮಾತ್ರ ಕೋಟೆ ನೆರಳು, ಯಾಕೆಂದರೆ ಕೋಟೆ ಇನ್ನೂ ಇದೆ. ಮರಗಳು ಎಲ್ಲಿಯೂ ಇಲ್ಲ. ರಸ್ತೆ ಅಗಲ ಮಾಡುವಾಗ ನೀವು ಕಡಿದ ಮರಗಳ ಹೆಸರನ್ನೇ ಹುಡುಕಿ ಇಟ್ಟಿದ್ದಾರೆಂದು ಇಲ್ಲಿನವರು ನಗುತ್ತ ಹೇಳುತ್ತಾರೆ. ನನಗೆ ನಗು ಬರಲಿಲ್ಲ.

ಒಂದು ನೆರಳಿನಿಂದ ಇನ್ನೊಂದಕ್ಕೆ ಹೋಗುವುದು ತಂಪುಬಂಡಿ. ರಸ್ತೆಗಳನ್ನು ಕಾಲುವೆಯಂತೆ ಆಳಕ್ಕೆ ತೋಡಿ ಮೇಲೆ ಮುಚ್ಚಿದ್ದಾರೆ, ಅದರೊಳಗೆ ಬಂಡಿಗಳು ಒಂದರ ಹಿಂದೊಂದು ಓಡುತ್ತವೆ. ಕಿಟಕಿಯಿಲ್ಲ. ಡ್ರೈವರ್ ಇಲ್ಲ. ಕಂಡಕ್ಟರ್ ಎಂಬ ಮಾತನ್ನು ನಾನು ನಿಮ್ಮ ಪುಸ್ತಕದಲ್ಲಿ ಓದಿ, ಒಬ್ಬ ಮನುಷ್ಯ ಇಡೀ ಬಸ್ಸಿನವರನ್ನು ಬಯ್ಯುತ್ತ, ಚಿಲ್ಲರೆ ಕೇಳುತ್ತ, ಮುಂದೆ ಹೋಗಿ ಮುಂದೆ ಹೋಗಿ ಎನ್ನುತ್ತ ದಿನ ಕಳೆಯುತ್ತಿದ್ದ ಎಂದು ತಿಳಿದು ಹೊಟ್ಟೆಕಿಚ್ಚುಪಟ್ಟಿದ್ದೇನೆ. ಇಡೀ ಬಂಡಿಯನ್ನು ತಂಪಾಗಿಡುವಷ್ಟು ಶಕ್ತಿ ನಮ್ಮಲ್ಲಿಲ್ಲ. ಆದ್ದರಿಂದ ತಂಪು ಬರುವುದು ಸೀಟಿನಿಂದ ಮಾತ್ರ. ಬೆನ್ನಿಗೂ ಕತ್ತಿಗೂ ಒದ್ದೆ ಗಾಳಿ ತಾಗುತ್ತದೆ, ಕೂತವನು ಬದುಕುತ್ತಾನೆ. ಬಂಡಿಯ ಹಿಂಭಾಗದಲ್ಲಿ ಸಾಮಾನು ಇಡುವ ಬರೀ ನೆಲವಿದೆ, ಅದನ್ನು ಇಲ್ಲಿನವರು ಒಲೆ ಎನ್ನುತ್ತಾರೆ. ಬಾಗಿಲು ಮುಚ್ಚಿದ ಕೂಡಲೇ ಕೂತವರ ಸೊಂಟದ ಪಟ್ಟಿ ಬಿಗಿದುಕೊಳ್ಳುತ್ತದೆ, ಮುಂದಿನ ನೆರಳು ಬರುವವರೆಗೆ ಬಿಚ್ಚುವುದಿಲ್ಲ. ಬಿಸಿಲು ತಲೆಗೇರಿದವರು ನಡುವೆ ಎದ್ದು ಹುಚ್ಚಾಪಟ್ಟೆ ಓಡಾಡಿ ಬಿದ್ದು ಸತ್ತ ಕಾಲವೊಂದಿತ್ತಂತೆ, ಆಗ ಮಾಡಿದ ಏರ್ಪಾಡು. ಒಳ್ಳೆಯದಕ್ಕೇ ಮಾಡಿದ್ದು. ನಮ್ಮ ಕಾಲದಲ್ಲಿ ಜನರನ್ನು ಕೊಲ್ಲುವುದೆಲ್ಲ ಒಳ್ಳೆಯದಕ್ಕೇ ಮಾಡಿದ್ದು.

ಗಡಿ ನೆರಳಿನಲ್ಲಿ ಹೊರಗಿನವರನ್ನು ಬಂಡಿಗೆ ಹತ್ತಿಸುವವಳು ಮೆಹಬೂಬಿ ಎಂಬ ನಡುವಯಸ್ಸಿನ ಹೆಂಗಸು. ಅವಳು ಒಬ್ಬೊಬ್ಬರಿಗೂ ಒಂದು ಒದ್ದೆ ವಸ್ತ್ರ ಕೊಟ್ಟು ತಲೆಗೆ ಸುತ್ತಿಸಿ, ಯಾವ ನೆರಳಿಗೆ ಎಂದು ಕೇಳಿ, ಕೈಹಿಡಿದು ಸೀಟಿನವರೆಗೆ ಕರೆದುಕೊಂಡು ಹೋಗುತ್ತಿದ್ದಳು. ತುಂಗೆಯ ಮನೆಗೆ ಹತ್ತಿರದ್ದು ಬೇವಿನ ನೆರಳು, ಅದನ್ನೇ ಹೇಳಿದೆವು. ಅದು ಕೋಟೆ ನೆರಳಾದ ಮೇಲೆ ಬರುವುದು, ನಡುವೆ ಎಲ್ಲೂ ನಿಲ್ಲುವುದಿಲ್ಲ, ಈ ಊರಿನಲ್ಲೇ ಉದ್ದದ ಓಟ ಅದು ಎಂದು ಹೇಳಿದಳು. ಅಪ್ಪನಿಗೆ ಹಿಂದುಗಡೆಯ ಸೀಟು ಸಿಕ್ಕಿತು, ನನಗೆ ಮುಂದೆ. ಅವನನ್ನು ಕೂರಿಸಿ ಅವಳು ಅವನ ಭುಜವನ್ನು ಮೆಲ್ಲಗೆ ಒತ್ತಿದಳು.

"ಕುಂತ ಮ್ಯಾಲ ಏಳಬ್ಯಾಡ್ರಿ ಕಾಕಾ. ಏನರೆ ಆಗ್ಲಿ, ಏಳಬ್ಯಾಡ್ರಿ."

ಅಪ್ಪ ಸಂತೋಷದಿಂದ ಕೈಮುಗಿದ. ಆಮೇಲೆ ಮುಂದಕ್ಕೆ ಬಾಗಿ ನನಗೆ ಕೇಳುವ ಹಾಗೆ, "ಎಂಥಾ ಜನ ನೋಡು ಹೇಮಿ. ಬಂದವರಿಗೆ ಏಳಬೇಡಿ, ಏಳಬೇಡಿ ಅಂತ ಎಷ್ಟು ಉಪಚಾರ!" ಎಂದ.

ಇಲ್ಲಿ ನೀವು ನಮ್ಮನ್ನು ದಡ್ಡರು ಎನ್ನುವ ಮೊದಲು ನಿಮ್ಮ ಮನೆಗೆ ಬಂದವರ ನೆನಪು ಮಾಡಿಕೊಳ್ಳಿ. ಹಿರಿಯರು ಒಳಗೆ ಬರುತ್ತಾರೆ, ಕೂತಿದ್ದವರು ಎದ್ದು ನಿಲ್ಲುತ್ತಾರೆ, ಬಂದವರು ಕೈ ಅಡ್ಡ ಮಾಡಿ ಏಳಬೇಡಿ ಏಳಬೇಡಿ, ಕೂತಿರಿ ಎನ್ನುತ್ತಾರೆ. ಹಾಗೆ ಹೇಳಿದರೆಂದು ಯಾರಾದರೂ ಕೂತೇ ಇದ್ದದ್ದುಂಟೇ? ಆ ಮಾತು ನಮ್ಮ ಗಿರಿಯಲ್ಲಿ ಇಂದಿಗೂ ಹಾಗೇ ಇದೆ. ಏಳಬೇಡಿ ಎಂದರೆ ನೀವು ಏಳುವಷ್ಟು ಮರ್ಯಾದಸ್ಥರು ಎಂದು ನನಗೆ ಗೊತ್ತಿದೆ ಎಂದರ್ಥ. ಬೆಟ್ಟದಿಂದ ಬೆಟ್ಟಕ್ಕೆ ಹಗ್ಗದ ಮೇಲೆ ಹೋಗುವ ನಮ್ಮ ತೊಟ್ಟಿಲುಗಾಡಿಯಲ್ಲಿ ಮುದುಕರು ಹತ್ತಿದರೆ ಕಿರಿಯರು ಏಳುತ್ತಾರೆ, ಕೂತವರು ಎದ್ದವರ ಗಂಟನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಅಪ್ಪನಿಗೂ ತಲೆ ನೆರೆತಿತ್ತು. ಆದರೆ ತನಗಿಂತ ಒಂದು ವರ್ಷ ಹಿರಿಯರು ಕಂಡರೂ ಅವನು ಏಳುತ್ತಿದ್ದ, ಅದರಲ್ಲಿ ಅವನಿಗೆ ಜಂಬವೇ ಇತ್ತು. ಒಮ್ಮೆ ಹೀಗೆ ಎದ್ದು, ಆ ಅಜ್ಜ ನನಗಿಂತ ಚಿಕ್ಕವನಂತೆ ಕಣೇ, ಕೂದಲು ನೋಡಿ ಮೋಸ ಹೋದೆ ಎಂದು ವಾರವೆಲ್ಲ ಬೇಜಾರು ಮಾಡಿಕೊಂಡಿದ್ದ.

ಕೋಟೆ ನೆರಳಿನಲ್ಲಿ ಬಂಡಿ ನಿಂತಿತು, ಪಟ್ಟಿಗಳು ಬಿಚ್ಚಿದವು, ಒಬ್ಬಿಬ್ಬರು ಇಳಿದರು, ಅಷ್ಟೇ ಜನ ಹತ್ತಿದರು. ಎಲ್ಲ ಸೀಟೂ ತುಂಬಿದ ಮೇಲೆ ಒಬ್ಬ ಮುದುಕಿ ಬಾಗಿಲಲ್ಲಿ ಕಾಣಿಸಿಕೊಂಡಳು. ಬೆನ್ನು ಬಾಗಿತ್ತು, ಕೈಯಲ್ಲಿ ಜೋಳದ ಹಿಟ್ಟಿನ ಚಿಕ್ಕ ಚೀಲ. ಸೀಟಿಲ್ಲದಿದ್ದರೆ ಹಿಂದಕ್ಕೆ ಇಳಿದು ಮುಂದಿನ ಬಂಡಿಗೆ ಕಾಯುವುದು ಇಲ್ಲಿನ ರೂಢಿ. ಕಾಯುವುದಕ್ಕೆ ನೆರಳಿದೆ, ನೀರಿದೆ, ಯಾರಿಗೂ ಅದರಿಂದ ತೊಂದರೆಯಿಲ್ಲ. ಅವಳೂ ಇಳಿಯಲು ತಿರುಗಿದ್ದಳು. ಅಷ್ಟರಲ್ಲಿ ಅಪ್ಪ ಎದ್ದು, ಬನ್ನಿ ಅಮ್ಮ ಕೂತ್ಕೊಳ್ಳಿ ಎಂದು ಸೀಟು ತೋರಿಸಿ, ತನ್ನ ಗಂಟು ಹಿಡಿದು ಪಕ್ಕಕ್ಕೆ ಸರಿದ. ಆ ಗಂಟಿನಲ್ಲಿ ತುಂಗೆಗೆಂದು ಅಮ್ಮ ಕಟ್ಟಿದ ಅಂಟಿನುಂಡೆ ಇತ್ತು. ಅದನ್ನು ಮುದುಕಿ ಇಸಿದುಕೊಳ್ಳಬಹುದೆಂದು ಅವನು ಒಂದು ಗಳಿಗೆ ಕಾದಿರಬೇಕು. ಅವಳು ಇಸಿದುಕೊಳ್ಳಲಿಲ್ಲ. ಅವನು ಹಿಂದಕ್ಕೆ ಹೋಗಿ ಒಲೆಯ ಕಂಬಿ ಹಿಡಿದು ನಿಂತ. ಬಾಗಿಲು ಮುಚ್ಚಿತು.

ಪಟ್ಟಿ ಬಿಗಿದ ಮೇಲೆ ನಾನು ಕತ್ತು ತಿರುಗಿಸಿ ನೋಡಿದಾಗ ಅವನ ಸೀಟಿನಲ್ಲಿ ಮುದುಕಿ ಇದ್ದಳು, ಅವನು ಅವಳ ಹಿಂದೆ ದೂರದಲ್ಲಿ ನಿಂತಿದ್ದ. ನನ್ನ ಕಣ್ಣಿಗೆ ಬಿದ್ದ ಕೂಡಲೇ ನಕ್ಕು, ಏನಿಲ್ಲ ಎನ್ನುವಂತೆ ಕೈ ಆಡಿಸಿದ. ನನಗೆ ಅದು ದಿನನಿತ್ಯ ಕಂಡ ದೃಶ್ಯ. ಇವನು ಎಲ್ಲಿ ಹೋದರೂ ಬಿಡುವುದಿಲ್ಲವಲ್ಲ ಎಂದು ನಗುವೂ ಬಂತು. ಸ್ವಲ್ಪ ಹೊತ್ತಾದ ಮೇಲೆ ನನ್ನ ಪಕ್ಕದ ಸೀಟಿನವನು, ತೊಗರಿ ಗಿರಣಿಯ ಕೆಲಸದವನಂತೆ ಕಂಡ ಒಬ್ಬ, ಹಿಂದೆ ನಿಂತವರು ನಿಮ್ಮವರೇ ಎಂದು ಕೇಳಿದ. ಹೌದೆಂದೆ. ಅವನು ಮುಖ ನನ್ನ ಕಡೆ ತಿರುಗಿಸದೆಯೇ, "ಬೇವಿನ ನೆರಳು ಭಾಳ ದೂರ ಅದರಿ ಅಕ್ಕಾ" ಎಂದ. ಅವನು ಹೇಳಿದ ರೀತಿಯಿಂದ ನನಗೆ ಎಲ್ಲ ಗೊತ್ತಾಯಿತು.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ನಾನು ಪಟ್ಟಿಯನ್ನು ಎಳೆದೆ, ಹಲ್ಲಿನಿಂದ ಕಚ್ಚಿದೆ. ಬಂಡಿ ನಿಲ್ಲಿಸಿ ಎಂದು ಕೂಗಿದೆ. ನಿಲ್ಲಿಸುವವರು ಯಾರೂ ಇರಲಿಲ್ಲ, ಕಾಲುವೆಯೊಳಗೆ ನಿಂತರೆ ಹಿಂದಿನ ಬಂಡಿ ಬಂದು ಹೊಡೆಯುತ್ತದೆ. ಅಪ್ಪ ಮೊದಲು ಅಂಗಿಯ ಗುಂಡಿ ಬಿಚ್ಚಿದ. ತಲೆಯ ವಸ್ತ್ರ ಆಗಲೇ ಒಣಗಿ ಕಾಗದವಾಗಿತ್ತು. ಮೈಯ ಬೆವರು ನಿಂತುಹೋಯಿತು, ಮುಖ ಕೆಂಪಾಗಿ ಆಮೇಲೆ ಬೂದಿಬಣ್ಣಕ್ಕೆ ತಿರುಗಿತು. ಕಂಬಿ ಹಿಡಿದೇ ಕೆಳಗೆ ಕುಸಿದು ಕೂತ. ಹತ್ತಿರದವರು ಕಲ್ಲೆದೆಯವರಾಗಿರಲಿಲ್ಲ ಎಂದು ಹೇಳಲೇಬೇಕು. ಅವರ ಸೊಂಟವೂ ನನ್ನಂತೆಯೇ ಕಟ್ಟಿಬಿದ್ದಿತ್ತು. ಒಬ್ಬ ತನ್ನ ಒದ್ದೆ ವಸ್ತ್ರ ಬಿಚ್ಚಿ ಅವನ ಕಡೆ ಎಸೆದ, ಅದು ಅರ್ಧದಲ್ಲೇ ಬಿತ್ತು. ಇನ್ನೊಬ್ಬಳು ಚೊಂಬಿನ ನೀರು ಚೆಲ್ಲಿದಳು, ಅದು ಅವನ ಪಾದ ಮುಟ್ಟಿತು. ನಾನು ಅಪ್ಪಾ ಅಪ್ಪಾ ಎನ್ನುತ್ತಿದ್ದೆ. ಅವನು ಕೊನೆಯವರೆಗೂ ಮಗಳ ಉಂಡೆಯ ಗಂಟನ್ನು ನೆಲಕ್ಕೆ ತಾಗದಂತೆ ಎದೆಗೆ ಹಿಡಿದಿದ್ದ. ಆ ಮುದುಕಿ ಮಾತ್ರ ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದಳು, ಅವಳಿಗೆ ಕಿವಿ ಮಂದ ಎಂದು ಆಮೇಲೆ ತಿಳಿಯಿತು. ಆ ಗಳಿಗೆಯಲ್ಲಿ ನನಗೆ ಅವಳ ಮೇಲೆ ಬಂದ ಸಿಟ್ಟು ಈ ಜನ್ಮದಲ್ಲಿ ಇನ್ಯಾರ ಮೇಲೂ ಬಂದಿಲ್ಲ.

ಬೇವಿನ ನೆರಳಿನಲ್ಲಿ ಪಟ್ಟಿ ಬಿಚ್ಚಿದಾಗ ನಾನು ಓಡಿಹೋಗಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಮೈ ಸುಡುತ್ತಿತ್ತು, ಜೀವ ಇರಲಿಲ್ಲ. ಜನ ಸುತ್ತ ನಿಂತರು. ಆಗ ಮುದುಕಿ ಎದ್ದು ತಿರುಗಿ ನೋಡಿದಳು. ಅವನ ಗುರುತು ಹಿಡಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹಿಡಿದ ಮೇಲೆ ಅವಳು ಅಲ್ಲೇ ನೆಲದ ಮೇಲೆ ನನ್ನೆದುರು ಕೂತಳು.

"ಇಳದಾನಂತ ತಿಳದಿದ್ದೆ ನನ್ನವ್ವಾ," ಎಂದಳು. "ಇಳಿಯಾಂವ ಎದ್ದಾನಂತ ತಿಳದಿದ್ದೆ."

ಅವಳ ಹೆಸರು ಭೀಮಬಾಯಿ. ಈ ಊರಲ್ಲೇ ಹುಟ್ಟಿ, ಈ ಬಂಡಿಗಳಲ್ಲೇ ಓಡಾಡಿ ಮುಪ್ಪಾದವಳು. ಇಳಿಯುವ ಕಾರಣಕ್ಕಲ್ಲದೆ ಒಬ್ಬ ಮನುಷ್ಯ ಸೀಟು ಬಿಟ್ಟು ಏಳಬಹುದು ಎಂಬುದನ್ನು ಅವಳು ತನ್ನ ಆಯುಷ್ಯದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಬಂಡಿ ನಿಂತಿತ್ತು, ಒಬ್ಬ ಎದ್ದ, ಬನ್ನಿ ಎಂದು ಜಾಗ ತೋರಿಸಿದ, ಗಂಟು ಹಿಡಿದು ಹೋದ. ಇಳಿದಿರಬೇಕು ಎಂದಲ್ಲದೆ ಅವಳು ಇನ್ನೇನು ಅಂದುಕೊಳ್ಳಬೇಕಿತ್ತು? ಎಚ್ಚರಿಕೆಯ ಮಾತನ್ನು ನನ್ನ ಅಪ್ಪ ಉಪಚಾರ ಎಂದುಕೊಂಡ, ಅವನ ಉಪಚಾರವನ್ನು ಅವಳು ಪ್ರಯಾಣ ಮುಗಿಯಿತು ಎಂದುಕೊಂಡಳು. ಇಬ್ಬರೂ ಆಡಿದ್ದು ಕನ್ನಡವನ್ನೇ. ಇಷ್ಟು ಕಾಲವಾದರೂ ಇದನ್ನು ನೆನೆದರೆ ನನಗೆ ಅಳುವಿಗಿಂತ ಮೊದಲು ಒಂದು ಬಗೆಯ ದಿಗಿಲಾಗುತ್ತದೆ.

ಅಪ್ಪನನ್ನು ಮಣ್ಣು ಮಾಡಿ ಮುಗಿಸುವಷ್ಟರಲ್ಲಿ ಗಿರಿಯ ರೈಲು ನಿಂತುಹೋಯಿತು. ತುಂಗೆ ಇಲ್ಲಿಯೇ, ನಡುಬೇಸಿಗೆಯಲ್ಲಿ, ನೀರಿನ ತೊಟ್ಟಿಯಲ್ಲಿ ಕೂತು ಹೆತ್ತಳು. ಅವಳಿಗೆ ಹುಟ್ಟಿದ್ದು ಅವಳಿಜವಳಿ. ಗಂಡು ಮೊದಲ ವಾರ ದಾಟಲಿಲ್ಲ, ಹೆಣ್ಣು ಉಳಿಯಿತು. ಅಪ್ಪನ ಕೈಯಿಂದ ಬಿದ್ದ ಗಂಟನ್ನು ಎತ್ತಿಟ್ಟುಕೊಂಡಿದ್ದ ಭೀಮಬಾಯಿ ಮನೆ ಹುಡುಕಿಕೊಂಡು ಬಂದು ಬಾಣಂತಿಯ ಮುಂದೆ ಇಟ್ಟಳು. ಒಂದು ಉಂಡೆಯನ್ನೂ ಮುಟ್ಟಿರಲಿಲ್ಲ, ಎಲ್ಲ ಕರಗಿ ಒಂದೇ ಮುದ್ದೆಯಾಗಿತ್ತು. ತುಂಗೆ ಅದನ್ನೇ ಮುರಿದು ಮುರಿದು ತಿಂದಳು. ಭೀಮಬಾಯಿ ಹೋಗುವಾಗ ಹೊಸ್ತಿಲ ಹತ್ತಿರ ನಿಂತಳು.

"ನನ್ನ ಸಲುವಾಗಿ ಎದ್ದಾನಂತ ಗೊತ್ತಿತ್ತಂದ್ರ ನಾ ಕುಂದರತಿದ್ದಿಲ್ಲವ್ವಾ. ಹೊಳ್ಳಿ ನೋಡಿದ್ರ ಸಾಕಿತ್ತು, ಬಾಗಲಾ ಇನ್ನಾ ತೆರದಿತ್ತು."

ಆ ಹೊತ್ತಿಗೆ ನನ್ನ ಸಿಟ್ಟು ಇಳಿಯಿತು. ಅದರ ಜಾಗದಲ್ಲಿ ಉಳಿದದ್ದಕ್ಕೆ ಹೆಸರಿಲ್ಲ, ಅದು ಇನ್ನೂ ಇದೆ. ತಂಗಿಯನ್ನು ಬಿಟ್ಟು ಹೋಗಲಾರದೆ ನಾನೂ ಈ ಊರಿನಲ್ಲೇ ನಿಂತೆ. ಈಗ ನನಗೂ ಬಂಡಿಯ ರೂಢಿ ಮೈಗಂಟಿದೆ. ಯಾರು ಹತ್ತಿದರೂ ಏಳುವುದಿಲ್ಲ, ಏಳಬಾರದು. ತುಂಗೆಯ ಮಗಳಿಗೆ ಇಬ್ಬನಿ ಎಂದು ಹೆಸರಿಟ್ಟಿದ್ದೇವೆ. ಕಾಣದ ನೀರಿನ ಹೆಸರಿಡುವುದು ನಮ್ಮ ಮನೆಯ ಚಾಳಿ. ಅವಳು ಚುರುಕು, ಈ ಊರಿನ ಎಲ್ಲ ನೆರಳುಗಳೂ ಬಾಯಿಪಾಠ. ಈಚೆಗೆ ಅವಳಿಗೆ ಅಜ್ಜನ ಕತೆಯನ್ನು ಪೂರ್ತಿ ಹೇಳಿದೆ. ಅಳುತ್ತಾಳೆಂದುಕೊಂಡಿದ್ದೆ. ಅವಳು ಹುಬ್ಬು ಗಂಟಿಕ್ಕಿ ಕೇಳಿದಳು, ಅಜ್ಜ ಇಳಿಯುವುದಿರಲಿಲ್ಲವಲ್ಲ, ಮತ್ತೆ ಯಾಕೆ ಎದ್ದ? ಆ ಅಜ್ಜಿಗೆ ವಯಸ್ಸಾಗಿತ್ತು ಎಂದೆ. ಅದಕ್ಕೇನು ಎಂದಳು. ಇನ್ನೂ ಹಲವು ಬಗೆಯಲ್ಲಿ ಹೇಳಿ ನೋಡಿದೆ. ಮಗು ಜಾಣೆ, ಕೇಡಿಲ್ಲದವಳು, ಆದರೆ ಅವಳಿಗೆ ಅರ್ಥವಾಗಲಿಲ್ಲ. ತೋರಿಸಿಕೊಡೋಣವೆಂದರೆ ಈ ಊರಿನಲ್ಲಿ ಎಲ್ಲಿಗೆ ಕರೆದುಕೊಂಡು ಹೋಗಲಿ? ಅಪ್ಪ ಸತ್ತ ದಿನಕ್ಕಿಂತ ಆ ದಿನ ನಾನು ಹೆಚ್ಚು ಅತ್ತೆ, ಮರುದಿನ ಈ ಕಾಗದ ಕಳಿಸುವವರನ್ನು ಹುಡುಕಿಕೊಂಡು ಹೋದೆ.

ನಿಮ್ಮ ಬಿಸಿಲನ್ನು ಕಡಿಮೆ ಮಾಡಿ, ಮರ ಉಳಿಸಿ ಎಂದು ಬೇಡುವವರು ಬೇರೆ ಬೇಕಾದಷ್ಟು ಜನ ಬರೆದಿರುತ್ತಾರೆ, ನೀವು ಓದಿ ಮಡಿಸಿಟ್ಟಿರುತ್ತೀರಿ. ನಾನು ಕೇಳುವುದು ಅದಕ್ಕಿಂತ ಸಣ್ಣದು. ನಿಮ್ಮ ಬಸ್ಸುಗಳಲ್ಲಿ ಇವತ್ತೂ ಯಾರೋ ಯಾರಿಗೋ ಎದ್ದು ಜಾಗ ಕೊಡುತ್ತಿದ್ದಾರೆ, ನಿಮಗೆ ಅದು ಲೆಕ್ಕಕ್ಕೇ ಇಲ್ಲ. ಕೂತವರು ಕೂತ ಕೂಡಲೇ ಕಿಟಕಿಯ ಕಡೆಗೋ ಕೈಯಲ್ಲಿರುವ ಫೋನಿನ ಕಡೆಗೋ ತಿರುಗುತ್ತಾರೆ. ಏಳುವುದು ಮರೆತುಹೋಗುವ ಎಷ್ಟೋ ಮೊದಲು, ಎದ್ದವರನ್ನು ನೋಡುವುದು ಮರೆತುಹೋಗಿರಬೇಕು ಎಂದು ನನಗೆ ಅನಿಸುತ್ತದೆ. ನಿಂತು ಸುಸ್ತಾದವರು ಸೀಟಿನ ಆಸೆಗೆ ಕೂತವರನ್ನು ಒಂದು ಮಾತು ಕೇಳುತ್ತಾರಲ್ಲ, ಅದು ನಿಮ್ಮ ಪುಸ್ತಕಗಳಲ್ಲೂ ಇದೆ. ಅದನ್ನು ಒಮ್ಮೆ ನೀವು ಕೂತುಕೊಂಡು, ನಿಮಗಾಗಿ ಎದ್ದು ನಿಂತವರನ್ನು ಕೇಳಿ. ಬಾಗಿಲು ಇನ್ನೂ ತೆರೆದಿರುವಾಗಲೇ, ಹಿಂತಿರುಗಿ ಮುಖ ನೋಡಿ, ಗಟ್ಟಿಯಾಗಿ ಕೇಳಿ, ನಿಮ್ಮ ಮಕ್ಕಳಿಗೆ ಕೇಳಿಸಲಿ:

ನೀವು ಎಲ್ಲಿ ಇಳೀತೀರಿ?